ಕೋಟಿನ ಕೋಣೆಯಿಂದ

ನರೀನ್ ಊರಿನ ನಮ್ಮ ಶಾಲೆಯ ಬಾಗಿಲು ದಾಟಿದರೆ
ಮೊದಲು ಸಿಗುವವಳು ನಾನು, ಬುರುಲ್ಚಾ.
ಪಾಠ ಹೇಳುವವಳಲ್ಲ, ಗಂಟೆ ಬಾರಿಸುವವಳೂ ಅಲ್ಲ.
ಕೋಟು ಈಸಿಕೊಂಡು ತಗಡಿನ ಬಿಲ್ಲೆ ಕೊಡುವವಳು.
ಇನ್ನೂರ ಹನ್ನೆರಡು ಗೂಟ, ಇನ್ನೂರ ಹನ್ನೆರಡು ಬಿಲ್ಲೆ,
ಮೂಲೆಯಲ್ಲಿ ಒಂದು ಚಹದ ಕೆಟಲು.

ಮಕ್ಕಳು ಬೆಳೆಯುವುದನ್ನು ಮೇಷ್ಟ್ರು ಅಂಕಪಟ್ಟಿಯಲ್ಲಿ ಕಾಣುತ್ತಾರೆ,
ನಾನು ತೋಳುಗಳಲ್ಲಿ.
ಸೆಪ್ಟೆಂಬರಿನಲ್ಲಿ ಬೆರಳ ತುದಿ ನುಂಗಿದ್ದ ತೋಳು
ಫೆಬ್ರವರಿಗೆ ಮಣಿಕಟ್ಟಿನ ಮೂಳೆ ತೋರಿಸುತ್ತದೆ,
ನೀರಿಳಿದ ಹೊಳೆಯಲ್ಲಿ ಕಲ್ಲು ಎದ್ದ ಹಾಗೆ.

ಮೂರನೇ ತರಗತಿಯಲ್ಲಿದ್ದಾಗ ಇವರೇ
'ಆಪಾ, ನೋಡು, ಹಲ್ಲು ಬಿತ್ತು' ಅಂತ ಬಾಯಿ ಕಳೆದವರು.
ಜೇಬಿನಲ್ಲಿ ಒಣಮೊಸರಿನ ಉಂಡೆ, ಆಡುವುದಕ್ಕೆ ಕುರಿಯ ಗೆಣ್ಣುಮೂಳೆ.
ಏಳನೆಯದಕ್ಕೆ ಬಂದರೋ, ಮುಖ ಎತ್ತದೆ ಕೋಟು ಎಸೆಯುತ್ತಾರೆ.
ಜೇಬಿನಲ್ಲಿ ಬಾಚಣಿಗೆ,
ಎಂಟು ಮಡಿಕೆಯ ಚೀಟಿ.
ಯಾರದ್ದನ್ನೂ ಓದಿಲ್ಲ ನಾನು. ಸುಳ್ಳು, ಒಂದನ್ನು ಓದಿದೆ.
ಅದರಲ್ಲಿ ಬರೆದದ್ದೆಲ್ಲ ಬರೆದ ಕೈಯೇ ಅಳಿಸಿತ್ತು.

ಆವತ್ತು ಎರಡನೇ ಗಂಟೆಯ ಹೊತ್ತಿಗೆ
ಎರ್ಮೆಕ್ ಬಂದು ಕೋಟುಗಳ ಅಡಿಯಲ್ಲಿ ಕೂತ.
ಹೋದ ವರ್ಷ ವೇದಿಕೆಯಲ್ಲಿ ಪದ್ಯ ಹೇಳಿ
ಅಜ್ಜಂದಿರ ಕಣ್ಣೊರೆಸಿದ ಹುಡುಗ.
ಈಗ ಗಂಟಲು ಒಡೆದಿದೆ. ಒಂದೇ ಮಾತಿನೊಳಗೆ
ಕರುವೂ ಕೂಗುತ್ತದೆ, ಹೋತವೂ ಗುಟುರುತ್ತದೆ.
ಕರಿಹಲಗೆಯ ಮುಂದೆ ನಿಂತು ಬಾಯಿ ತೆರೆದನಂತೆ,
ಇಡೀ ತರಗತಿ ನಕ್ಕಿತಂತೆ.

ಚಹ ಕೊಟ್ಟೆ. ಕುಡಿಯಲಿಲ್ಲ, ಕೈ ಕಾಯಿಸಿಕೊಂಡ.
'ಇಕ್ಸ್ ಅಂದರೆ ಎಷ್ಟು ಅಂತ ಕೇಳಿದೆ, ಆಪಾ.
ಎಷ್ಟು ಬೇಕಾದರೂ ಆಗಬಹುದು ಅಂದರು.
ಎಷ್ಟು ಬೇಕಾದರೂ ಆಗುವುದಾದರೆ
ಅದು ಏನೂ ಅಲ್ಲ ತಾನೆ?'

ನನಗೆಲ್ಲಿಯ ಬೀಜಗಣಿತ!
ಡಬ್ಬಿ ಅಲುಗಾಡಿಸಿದೆ, ಉಳಿದ ಬಿಲ್ಲೆ ಹದಿನೇಳು.
'ಹೇಳು, ಒಳಗೆ ಎಷ್ಟು ಮಕ್ಕಳಿದ್ದಾರೆ?
ಎದ್ದು ಹೋಗಬಾರದು, ಕೋಟು ಎಣಿಸಬಾರದು.'
'ನೂರ ತೊಂಬತ್ತೈದು.'
'ನೀನೇನು ಒಬ್ಬೊಬ್ಬರ ಮುಖ ನೋಡಿ ಬಂದೆಯಾ?'

ಸುಮ್ಮನಾದ.
ಕಿಟಕಿಯ ಗಾಜಿನ ಹಬೆಯ ಮೇಲೆ ಬೆರಳಿನಿಂದ ಬರೆದ:
ಇಕ್ಸ್, ಕೂಡಿಸು ಹದಿನೇಳು, ಸಮ, ಇನ್ನೂರ ಹನ್ನೆರಡು.
ಕಾಣದ್ದನ್ನು ಕಂಡದ್ದರ ಪಕ್ಕ ಕೂರಿಸಿ
ತೂಕ ಸರಿಯಾಯಿತೇ ಅಂತ ತಲೆ ವಾಲಿಸಿ ನೋಡಿದ.
ಹಾಲುಹಲ್ಲು ಬಿದ್ದಾಗ ಇಲ್ಲದಿದ್ದದ್ದು ಏನೋ
ಆ ಹುಬ್ಬುಗಳ ನಡುವೆ ಹುಟ್ಟಿತ್ತು.

ನಾನು ಗೆದ್ದೆ ಅಂದುಕೊಂಡು ಲೋಟ ತೊಳೆಯುತ್ತಿದ್ದೆ.
'ಆಪಾ, ಯಾರಾದರೂ ಕೋಟಿಲ್ಲದೆ ಬಂದಿದ್ದರೆ?'
'ಈ ಚಳಿಯಲ್ಲಾ? ಹುಚ್ಚಪ್ಪ!'
'ಐಜಾರ್ಕಿನ್ ಬಂದಿದ್ದಾಳೆ,' ಅಂದ.
ಅರ್ಧ ಮಾತು ತೆಳ್ಳಗೆ, ಅರ್ಧ ದಪ್ಪಗೆ.
'ಸೋಮವಾರದಿಂದ. ಬೇಲಿ ಬಳಸಿ ಓಡಿ ಬರುತ್ತಾಳೆ.
ಹಳೆಯದರಲ್ಲಿ ಭುಜ ಹಿಡಿಸುವುದಿಲ್ಲ ಅವಳಿಗೆ.'
ಆಮೇಲೆ ಗಾಜಿನ ಲೆಕ್ಕಕ್ಕೆ ಒಂದು ಕೂಡಿಸಿದ.

ಐಜಾರ್ಕಿನ್. ಒಂದೇ ಚಳಿಗಾಲದಲ್ಲಿ ಗೇಣುದ್ದ ಬೆಳೆದು
ಬೆಳೆದದ್ದೇ ತಪ್ಪೆಂಬಂತೆ ಬೆನ್ನು ಬಗ್ಗಿಸಿ ನಡೆಯುವವಳು.
ಹತ್ತೊಂಬತ್ತು ವರ್ಷ ಕೋಟು ಎಣಿಸಿದ್ದೇನೆ,
ಕೋಟಿಲ್ಲದವಳು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಸಂಜೆ, ಯಾರೂ ಕೇಳದ ಬಟ್ಟೆಗಳ ಪೆಟ್ಟಿಗೆ ತೆರೆದೆ.
ನೀಲಿಯದೊಂದರ ಮಡಿಕೆ ಬಿಚ್ಚಿ, ತೋಳು ಇಳಿಸಿ,
ಕನ್ನಡಕ ಹುಡುಕಿ, ಬೈದುಕೊಂಡು, ಹೊಲಿದೆ.
ಗೋಡೆಯ ತುದಿಗೆ ಒಂದು ಮೊಳೆ ಹೊಡೆದೆ.
ಅದಕ್ಕೆ ಬಿಲ್ಲೆ ಇಲ್ಲ.

ಮರುದಿನ ಮನೆಗೆ ಹೋಗುವಾಗ ಅವಳು ತೊಟ್ಟುಕೊಂಡಳು.
ಅವಳು ಮುಖ ಎತ್ತಲಿಲ್ಲ,
ನಾನು ಕೆಟಲಿನಿಂದ ಕಣ್ಣು ತೆಗೆಯಲಿಲ್ಲ.

ಎರ್ಮೆಕ್ ಎಂದಿನಂತೆ ಕೋಟು ಎಸೆದ.
ಹೋದವನು ತಿರುಗಿ ನಿಂತು 'ಸಲಾಮ್' ಅಂದ, 'ಆಪಾ' ಅಂದ.
ಮೊದಲ ಮಾತು ಸೂರು ಮುಟ್ಟಿತು,
ಎರಡನೆಯದು ನೆಲಮಾಳಿಗೆಗೆ ಬಿತ್ತು.
ನಗು ಬಂತು. ನಗಲಿಲ್ಲ.
ನಲವತ್ತೊಂದನೇ ಬಿಲ್ಲೆ ಕೊಟ್ಟೆ.